ಕಸಬುಗೇಡಿ ಎನಿಸಿಕೊಂಡ ಅಡುಗೆಯ ವಿಶ್ವರಾಧ್ಯ

ಶಹಾಪುರದಲ್ಲಿ ಈಗ ಎಲ್ಲರೂ ಕಸಬುಗೇಡಿಗಳೇ. ಕರೆಂಟ್ ಹೋದರೆ ಲೈನ್‌ಮನ್ ಕಸಬುಗೇಡಿ. ಕೈ ಮಾಡಿದಲ್ಲಿ ಬಸ್ಸು ನಿಲ್ಲಿಸದ ಡ್ರೈವರ್ ಕಸಬುಗೇಡಿ. ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದವನು, ಕೇಳಿದ ಹಾಡು ಬಾರಿಸದ ಬ್ಯಾಂಡಿನವನು, ಕರೆದ ಹೊತ್ತಿಗೆ ಬಾರದ ಪ್ಲಂಬರ್, ಎಲ್ಲರಿಗೂ ಅದೇ ಬಿರುದು. ಮೊನ್ನೆ ಒಬ್ಬನು ತನ್ನ ಎಮ್ಮೆಗೇ ಹಾಗೆ ಬಯ್ಯುತ್ತಿದ್ದ. ಹಾಲು ಕೊಡದೆ ಒದ್ದಿತ್ತಂತೆ. ಒದೆಯುವುದೂ ಎಮ್ಮೆಯ ಕಸಬೇ ಎಂದು ಅವನಿಗೆ ಯಾರು ಹೇಳಬೇಕು?

ನಮ್ಮ ಹಿರಿಯರು ಈ ಮಾತನ್ನು ಹೀಗೆ ಬೀದಿಗೆ ಚೆಲ್ಲುತ್ತಿರಲಿಲ್ಲ. ಅದಕ್ಕೊಂದು ತೂಕವಿತ್ತು. ಕೆಲಸ ಬಾರದವನು ಕಸಬುಗೇಡಿಯಲ್ಲ, ಅವನು ಹೊಸಬ, ಕಲಿಸಿದರೆ ಕಲಿತಾನು. ಕೆಲಸದಲ್ಲಿ ಎಡವಿದವನೂ ಅಲ್ಲ. ಎಡವದ ಕಾಲು ಯಾವುದಿದೆ? ಕಸಬು ಕೈಯಲ್ಲಿದ್ದು, ಅದರ ಕಟ್ಟಳೆ ತಲೆಯಲ್ಲಿದ್ದು, ಗೊತ್ತಿದ್ದೂ ಗೊತ್ತಿದ್ದೂ ಅದನ್ನು ಮುರಿದವನು ಕಸಬುಗೇಡಿ. ಬಿರಿದ ಗಡಿಗೆಗೆ ಅರಗು ತುಂಬಿ ಗಟ್ಟಿ ಎಂದು ಮಾರಿದ ಕುಂಬಾರ. ಅರ್ಧ ಗಡ್ಡ ಕೆರೆದು, ಸಾಹುಕಾರ ಕರೆದನೆಂದು ಎದ್ದುಹೋದ ಕ್ಷೌರದವನು. ಇಂಥವರಿಗೆ ಆ ಮಾತು ಬೀಳುತ್ತಿತ್ತು. ಒಮ್ಮೆ ಬಿತ್ತೆಂದರೆ ಮುಗಿಯಿತು. ಹುಣಸೆಹಣ್ಣು, ಬೂದಿ ಎರಡೂ ಹಾಕಿ ತಿಕ್ಕಿದರೂ ಹೋಗದ ಮಸಿ ಅದು.

ಮಸಿಯ ವಿಷಯ ನನಗೆ ಚೆನ್ನಾಗಿ ಗೊತ್ತು. ಮದುವೆ ಮುಂಜಿಗಳಿಗೆ ಶಾಮಿಯಾನ, ಅಡುಗೆಯ ಭಾಂಡೆ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಸಾಲಿಯ ಕಟ್ಟೆ ಹತ್ತಿದವನಲ್ಲ. ಅಂಗಡಿಗಳ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವನು. ಆದರೆ ಒಂದು ಕೊಪ್ಪರಿಗೆ ತಿರುಗಿ ಬಂದಾಗ ಅದರ ತಳ ನೋಡಿ, ಆ ಮನೆಯಲ್ಲಿ ಅಡುಗೆ ಮಾಡಿದವನು ಎಂಥವನೆಂದು ಹೇಳಬಲ್ಲೆ. ಆ ಧೈರ್ಯದ ಮೇಲೆಯೇ ವಿಶ್ವರಾಧ್ಯನ ಕತೆಯನ್ನು ಹೇಳುತ್ತಿದ್ದೇನೆ. ಊರು ಅದನ್ನು ತಲೆಕೆಳಗು ಮಾಡಿ ಹೇಳಿಕೊಂಡು ತಿರುಗುವುದನ್ನು ಕೇಳಿ ಕೇಳಿ ನನ್ನ ಕಿವಿ ಕಾದುಹೋಗಿವೆ.

ವಿಶ್ವರಾಧ್ಯ ಶಿರವಾಳದ ಜಂಗಮರ ಮನೆಯವನು. ಸಣ್ಣಂದಿನಲ್ಲೇ ಸೋದರಮಾವನ ಕೈಕೆಳಗೆ ಮಠದ ದಾಸೋಹದ ಒಲೆ ಮುಂದೆ ಕೂತವನು, ಆಮೇಲೆ ಶಹಾಪುರಕ್ಕೆ ಬಂದು ಮದುವೆಯ ಅಡುಗೆಗೆ ನಿಂತ. ಆಳು ಬಾಗಿಲು ತುಂಬುವಷ್ಟು. ಸಿಟ್ಟು ಆಳಿಗಿಂತ ದೊಡ್ಡದು. ಅವನಿಗೆ ವಿನಯ ಎಂಬುದನ್ನು ಯಾರೂ ಕಲಿಸಿರಲಿಲ್ಲ, ಕಲಿಸಲು ಹೋದವರು ಬೈಸಿಕೊಂಡು ಬಂದರು. ತುಪ್ಪದಲ್ಲಿ ಕೈ ಹಿಡಿದ ಯಜಮಾನನಿಗೆ ಎದುರಿಗೇ, ಹುಗ್ಗಿ ಯಾಕೆ, ಅಂಬಲಿ ಕಾಸಿಬಿಡೋಣ ಎನ್ನುತ್ತಿದ್ದ. ಸುರಪುರದ ಒಬ್ಬ ದೊಡ್ಡ ವ್ಯಾಪಾರಿ ಉಪ್ಪು ಹೆಚ್ಚಾಯಿತೇನೋ ಎಂದು ಅನುಮಾನ ಪಟ್ಟಿದ್ದಕ್ಕೆ ಸೌಟು ಎಸೆದಿದ್ದ. ಎಸೆದದ್ದು ನನ್ನ ಸೌಟು. ಅದರ ಹಿಡಿಕೆ ಇಂದಿಗೂ ಸೊಟ್ಟ.

ಆದರೂ ಜನ ಅವನನ್ನೇ ಕರೆಯುತ್ತಿದ್ದರು. ಅವನು ಮಾಡಿದ ಗೋಧಿ ಹುಗ್ಗಿ ಉಂಡವರು ಕೈ ತೊಳೆಯಲು ಮನಸ್ಸಾಗದೆ ಮೂಸುತ್ತ ಕೂಡುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಅವನ ಒಂದು ಕಟ್ಟಳೆ. ನಮ್ಮ ಕಡೆಯ ಹಳೆಯ ಅಡುಗೆಯವರೆಲ್ಲ ಅದನ್ನು ಪಾಲಿಸುತ್ತಿದ್ದರು. ಮದುವೆಯ ಊಟದಲ್ಲಿ ಕಡೆಯ ಪಂಗ್ತಿ ಎಂದೊಂದಿರುತ್ತದೆ. ಭಾಂಡೆ ತಿಕ್ಕುವ ಹೆಂಗಸರು, ಎಂಜಲು ಎತ್ತಿದವರು, ಬ್ಯಾಂಡಿನವರು, ಕ್ರೂಸರ್ ಜೀಪಿನ ಡ್ರೈವರುಗಳು ಅದರಲ್ಲಿ ಕೂಡುತ್ತಾರೆ. ಅವರು ಉಂಡು ತೇಗುವ ತನಕ ಅಡುಗೆಯವನು ಒಲೆ ಬಿಟ್ಟು ಕದಲಬಾರದು, ತಾನು ತುತ್ತು ಮುಟ್ಟಬಾರದು. ಅವರು ಎದ್ದ ಮೇಲೆ ದೊಡ್ಡ ಕೊಪ್ಪರಿಗೆಯನ್ನು ಒಲೆಯ ಪಕ್ಕದಲ್ಲಿ ಬೋರಲು ಹಾಕಬೇಕು. ಮನೆಯ ಹಿರಿಯ ಬಂದು ಅದರ ತಳದ ಮೇಲೆ ಎಲೆ ಅಡಿಕೆ, ಕಾಯಿ ಇಡುತ್ತಾನೆ. ಆಮೇಲೆ ಒಲೆಗೆ ನೀರು. ಕೊಪ್ಪರಿಗೆ ಬೋರಲು ಬಿತ್ತೆಂದರೆ ಆ ಮನೆಯಲ್ಲಿ ಇನ್ನು ಬಡಿಸುವಂತಿಲ್ಲ, ಬಡಿಸುವ ಜರೂರೂ ಇಲ್ಲ. ಎಲ್ಲರ ಹೊಟ್ಟೆ ತುಂಬಿದೆ ಎಂದು ಅರ್ಥ. ಕಡೆಯ ಪಂಗ್ತಿ ಉಣ್ಣುವುದಕ್ಕೆ ಮೊದಲೇ ಕೊಪ್ಪರಿಗೆ ಬೋರಲು ಹಾಕಿದ ಅಡುಗೆಯವನಿಗೆ ಒಂದೇ ಹೆಸರು. ಅದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ವಿಶ್ವರಾಧ್ಯ ಬೋರಲು ಹಾಕಿದರೆ ಅದರ ಸಪ್ಪಳ ಊರ ಅಗಸಿ ಬಾಗಿಲಿಗೆ ಕೇಳುತ್ತಿತ್ತು. ಮೆಲ್ಲಗೆ ಇಡುವ ಜಾಯಮಾನ ಅವನದಲ್ಲ. ನನ್ನ ದೊಡ್ಡ ಕೊಪ್ಪರಿಗೆಯ ಕಂಠದ ಸುತ್ತ ಇರುವ ತಗ್ಗುಗಳೆಲ್ಲ ಅವನವೇ. ಆ ಬಗ್ಗೆ ನಮ್ಮಿಬ್ಬರ ನಡುವೆ ಜಗಳ ನಡೆಯದ ಸುಗ್ಗಿಯಿಲ್ಲ.

ಆ ವೈಶಾಖದಲ್ಲಿ ಗುತ್ತೇದಾರ ಅಂಬರೀಶನ ಮಗನ ಮದುವೆ ನಡೆಯಿತು. ಭೀಮರಾಯನಗುಡಿಯ ರಸ್ತೆಯಲ್ಲಿ ದೊಡ್ಡ ಫಂಕ್ಷನ್ ಹಾಲ್ ಹಿಡಿದಿದ್ದ. ಭಾಂಡೆ ನನ್ನವು, ಅಡುಗೆ ವಿಶ್ವರಾಧ್ಯನದು, ಭಾಂಡೆ ತಿಕ್ಕಲು ನಮ್ಮ ಅಂಗಡಿಯ ಸಾಯಬಮ್ಮ ಮತ್ತು ಅವಳ ಜೊತೆಯ ಹೆಂಗಸರು. ಸಾಯಬಮ್ಮ ನನ್ನಲ್ಲಿ ದುಡಿಯಲು ಹತ್ತಿ ಎಷ್ಟೋ ವರ್ಷವಾಯಿತು. ಮಾತು ಕಡಿಮೆ, ತಿಕ್ಕುವುದು ಜೋರು.

ಅಂದಿನ ಮದುವೆಯಲ್ಲಿ ಕಂಡದ್ದು ಇಷ್ಟು. ಅಂಬರೀಶ ಹೇಳಿದ್ದಕ್ಕಿಂತ ದುಪ್ಪಟ್ಟು ಜನ ಬಂದರು. ಗುತ್ತೇದಾರನ ಮನೆಯ ಮದುವೆ, ಕರೆದವರೂ ಬಂದರು, ಕರೆಯದವರೂ ಬಂದರು. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಒಳಗೆ ಅಡುಗೆಮನೆಯಿಂದ ಜೋರು ದನಿಗಳು ಕೇಳಿದವು. ಹೊರಗೆ ಇನ್ನೂ ಒಂದು ಪಂಗ್ತಿ ಜನ ಕೂತಿದ್ದಾರೆ, ಅವರ ಹಿಂದೆ ಕಡೆಯ ಪಂಗ್ತಿಯವರು ಗೋಡೆಗೆ ಆತು ನಿಂತಿದ್ದಾರೆ. ಅಷ್ಟರಲ್ಲಿ ಢಣ್ ಎಂದು ಸಪ್ಪಳ. ವಿಶ್ವರಾಧ್ಯ ಕೊಪ್ಪರಿಗೆ ಬೋರಲು ಹಾಕಿದ್ದ. ಹುಗ್ಗಿ ತಿರುವುವ ತನ್ನ ಕಟ್ಟಿಗೆಯ ಹುಟ್ಟನ್ನು ಹೆಗಲಿಗೆ ಇಟ್ಟುಕೊಂಡು, ಪಂಗ್ತಿಯ ನಡುವೆಯೇ ಹಾದು ಹೊರಟ. ಅಂಬರೀಶ ಹಿಂದೆ ಓಡಿಬಂದು, ಬೀಗರು, ಬಂದ ದೊಡ್ಡವರು, ಎಲ್ಲರೂ ಕೇಳುವ ಹಾಗೆ ಅಂದ.

"ಇಂವಾ ಅಡಗಿಯವ ಅಲ್ರಿ, ಕಸಬುಗೇಡಿ. ಉಣ್ಣಾಕ ಕುಂತ ಮಂದಿ ಮುಂದ ಕೊಪ್ಪರಗಿ ಬೋರಲ ಹಾಕ್ಯಾನ. ಕಣ್ಣಿಲೆ ನೋಡ್ರಿ."

ಎಲ್ಲರೂ ನೋಡಿದರು. ವಿಶ್ವರಾಧ್ಯ ತಿರುಗಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ಸೌಟು ಎಸೆಯುವ ಗಂಡಸು ಅಂದು ನಾಲಿಗೆ ನುಂಗಿದವನ ಹಾಗೆ ಬಿಸಿಲಿನಲ್ಲಿ ನಡೆದು ಹೋದ. ಅವನು ಜಗಳ ಮಾಡಿದ್ದರೆ ಜನಕ್ಕೆ ಅನುಮಾನವಾದರೂ ಬರುತ್ತಿತ್ತು. ಸುಮ್ಮನೆ ಹೋದದ್ದರಿಂದ ಒಪ್ಪಿಕೊಂಡಂತೆಯೇ ಆಯಿತು.

ಮರುದಿನ ಭಾಂಡೆಗಳು ಅಂಗಡಿಗೆ ಬಂದವು. ಒಂದು ಮುಚ್ಚಳದ ಗುಂಡಿ ಪಾತ್ರೆಯ ಕಂಠಕ್ಕೆ ಮೂಗು ಹಿಡಿದೆ. ತಿಕ್ಕಿ ತೊಳೆದಿದ್ದರೂ ಕಂಠದ ಮಡಿಕೆಯಲ್ಲಿ ಹುಳಿ ನಾತ ಕೂತಿತ್ತು. ಸಾಯಬಮ್ಮನನ್ನು ಕರೆದು ಕೇಳಿದೆ. ಮೊದಲು ಹೇಳಲಿಲ್ಲ. ನಾನು ಬಿಡಲಿಲ್ಲ. ಆಗ ಒಂದೊಂದೇ ಮಾತು ಹೊರಗೆ ಬಂತು.

ಮದುವೆಯ ಹಿಂದಿನ ರಾತ್ರಿ ಅರಿಷಿಣದ ಊಟಕ್ಕೆ ಮಾಡಿದ ಹುಗ್ಗಿ ಎರಡು ಗುಂಡಿ ಉಳಿದಿತ್ತು. ವೈಶಾಖದ ಧಗೆ, ಮೇಲೆ ಬಿಗಿ ಮುಚ್ಚಳ. ಮರುದಿನ ಹೊಸ ಹುಗ್ಗಿ ತಳ ಕಾಣತೊಡಗಿದಾಗ ಅಂಬರೀಶ ಬಂದು, ಅದನ್ನು ಇದಕ್ಕೆ ಬೆರೆಸಿ, ಬಿಸಿ ಮಾಡಿ, ತುಪ್ಪ ಸುರಿದು ಬಡಿಸಿಬಿಡು ಎಂದ. ವಿಶ್ವರಾಧ್ಯ ಮುಚ್ಚಳ ತೆಗೆದು ನೋಡಿದ. ಹುಗ್ಗಿ ನೊರೆ ಎದ್ದು ಉಸಿರಾಡುತ್ತಿತ್ತು. ಒಂದು ಗುಂಡಿಯನ್ನು ಹೊತ್ತೊಯ್ದು ಹಿತ್ತಲಿನ ತಗ್ಗಿಗೆ ಸುರಿದ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಂಬರೀಶನ ಕಡೆಯವರು ಅಡ್ಡ ನಿಂತರು. ನೀನು ಬಡಿಸದಿದ್ದರೆ ನಾವೇ ಬಡಿಸುತ್ತೇವೆ ಎಂದು ಗುಂಡಿ ಎತ್ತಿ ಕೊಪ್ಪರಿಗೆಯ ಕಡೆಗೆ ಬಂದರು. ಅವರು ಸುರಿಯುವ ಮೊದಲು ಇವನು ಕೊಪ್ಪರಿಗೆಯನ್ನು ಬೋರಲು ಹಾಕಿಬಿಟ್ಟ. ಬೋರಲು ಬಿದ್ದ ಕೊಪ್ಪರಿಗೆಯ ಮುಂದೆ ಬಡಿಸಲು ಯಾವ ಮನೆಯವರಿಗೂ ಧೈರ್ಯವಾಗುವುದಿಲ್ಲ. ಹಾಗೆ ಬಡಿಸಿದ್ದು ಶ್ರಾದ್ಧದ ಊಟಕ್ಕೆ ಸಮ ಎಂದು ನಮ್ಮ ಮಂದಿ ಅಂಜುತ್ತಾರೆ. ಅದೊಂದೇ ಬೇಲಿ ಅವನ ಕೈಯಲ್ಲಿ ಉಳಿದಿತ್ತು. ಅದನ್ನು ಹಾಕಿ ಹೋದ.

ಇಷ್ಟು ಕೇಳಿದ ಮೇಲೆ ನನ್ನ ಮೈಯೆಲ್ಲ ಉರಿಯಿತು. ಸಾಯಬಮ್ಮನಿಗೆ, ಅಂದು ನೀವು ಏನು ಉಂಡಿರಿ ಎಂದು ಕೇಳಿದೆ. ಏನೂ ಇಲ್ಲ ಎಂದಳು. ವಿಶ್ವರಾಧ್ಯ ಅಯ್ಯನವರ ಮೇಲೆ ಸಿಟ್ಟು ಬರಲಿಲ್ಲವೇ ಎಂದೆ.

"ಸಿಟ್ಟ್ಯಾಕ ಬರತದ್ರಿ ಸಾವಕಾರ್ರೆ, ಹಸಕೊಂಡು ಹೋಗಾದು ನಮಗೇನು ಹೊಸಾದಾ?" ಎಂದು ಬೂದಿಯ ಬುಟ್ಟಿ ಎತ್ತಿಕೊಂಡು ಹೋದಳು.

ಕಸಬುಗೇಡಿ ಎಂಬ ಆ ಮಾತು ಊರಿಗೆ ಹಬ್ಬಿದ ವೇಗಕ್ಕೆ ಬೆಂಕಿಯೂ ಹಬ್ಬುವುದಿಲ್ಲ. ಯಾದಗಿರಿ, ಸುರಪುರ, ಕೆಂಭಾವಿ, ಎಲ್ಲ ಕಡೆ ವಿಶ್ವರಾಧ್ಯ ಎಂದರೆ ಯಾರು ಎನ್ನುತ್ತಿದ್ದರು, ಕಸಬುಗೇಡಿ ವಿಶ್ವರಾಧ್ಯ ಎಂದರೆ ಓಹೋ ಎನ್ನುತ್ತಿದ್ದರು. ಅಡುಗೆಗೆ ಗೊತ್ತು ಮಾಡಿದ್ದ ಮನೆಯವರು ಒಬ್ಬೊಬ್ಬರಾಗಿ, ಒಪ್ಪಂದಕ್ಕೆಂದು ಕೊಟ್ಟ ಎಲೆ ಅಡಿಕೆಯನ್ನು ತಿರುಗಿ ಪಡೆದರು. ಎಲ್ಲ ಮದುವೆಗಳೂ ದೇವಿಂದ್ರ ಎಂಬ ಇನ್ನೊಬ್ಬ ಅಡುಗೆಯವನ ಪಾಲಾದವು. ದೇವಿಂದ್ರ ನಗುನಗುತ್ತ ಇರುವವನು, ಯಜಮಾನ ಹೇಳುವ ಮೊದಲೇ ಹೂಂ ಎನ್ನುವವನು. ಅವನ ಸಾರಿಗೆ ನೀರು ಸೇರುತ್ತದೆ, ಉಳಿದದ್ದಕ್ಕೆ ಹೊಸದು ಸೇರುತ್ತದೆ, ಯಾರಿಗೂ ಕಡಿಮೆ ಬೀಳುವುದಿಲ್ಲ. ಅದೇ ಸುಗ್ಗಿಯಲ್ಲಿ ಸುರಪುರದ ಕಡೆ ಅವನು ಮಾಡಿದ ಮದುವೆಯಲ್ಲಿ ಉಂಡವರಲ್ಲಿ ಅರ್ಧ ಜನ ಗ್ಲೂಕೋಸ್ ಬಾಟಲಿ ಹಚ್ಚಿಸಿಕೊಂಡು ಮಲಗಿದರು. ಬಿಸಿಲು ಬಡಿಯಿತು ಎಂದರು. ನೀರು ಕೆಟ್ಟಿತ್ತು ಎಂದರು. ದೇವಿಂದ್ರನನ್ನು ಯಾರಾದರೂ ಏನಾದರೂ ಅಂದರೇ? ಇಲ್ಲ. ಅವನು ಉಸ್ತಾದ. ಯಾರನ್ನೂ ಉಪವಾಸ ಕೆಡವಲಿಲ್ಲ ನೋಡಿ.

ಅಂಗಡಿಗೆ ಬಂದವರಿಗೆಲ್ಲ ನಾನು ಈ ಮಾತಿನ ಅರ್ಥ ಬಿಡಿಸಿ ಹೇಳಿದೆ. ಕಸಬುಗೇಡಿ ಎಂದರೆ ಕಡಿಮೆ ಬಿದ್ದವನಲ್ಲ, ನಿಮ್ಮ ಮನಸ್ಸಿಗೆ ಬಾರದ್ದು ಮಾಡಿದವನಲ್ಲ ಎಂದೆ. ತಲೆಯಾಡಿಸಿ ಕೇಳಿದರು, ಚಹಾ ಕುಡಿದರು, ಹೋಗಿ ದೇವಿಂದ್ರನಿಗೆ ಎಲೆ ಅಡಿಕೆ ಕೊಟ್ಟರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯಾದರೂ ಅಲ್ಲಾಡಿಸೀತು. ಆದರೆ ಒಳಗೆ ನಡೆದದ್ದನ್ನು ನಾನು ಹೇಳುವಂತಿರಲಿಲ್ಲ. ಒಲೆ ಮುಂದೆ ಇದ್ದವನು ಅವನು, ಅದನ್ನು ಹೇಳಬೇಕಾದವನೂ ಅವನೇ.

ಕಡೆಗೆ ಅವನನ್ನೇ ಹುಡುಕಿಕೊಂಡು ಹೋದೆ. ಹಳೆಯ ಬಸ್‌ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಮಿರ್ಚಿ ಬಜಿ ಕರಿಯುತ್ತಿದ್ದ. ಕೊಪ್ಪರಿಗೆ ತಿರುವಿದ ಕೈಯಲ್ಲಿ ಎಣ್ಣೆ ಸೋಸುವ ಒಂದು ಸಣ್ಣ ಜಾಲಿ. ಗಿರಾಕಿಗಳಿಗೂ ಬೈಯುತ್ತಲೇ ಇದ್ದ; ಒಬ್ಬನು ಬಜಿ ಸಣ್ಣದಾಯಿತೆಂದರೆ, ನಿನ್ನ ಬಾಯಿ ದೊಡ್ಡದಾಗಿದೆ ಎಂದ. ನಾನು ಬೆಂಚಿನ ಮೇಲೆ ಕೂತು, ಜನ ಕರಗುವ ತನಕ ಕಾದೆ.

"ಅಯ್ಯೋರೆ," ಎಂದೆ, "ಹಳಸಿದ್ದಿತ್ತು, ಅದಕ್ಕ ಬೋರಲ ಹಾಕಿನಿ ಅಂತ ಒಂದು ಮಾತು ಬಾಯಿಬಿಟ್ಟು ಹೇಳ್ರಿ. ಸಾಕ್ಷಿಗಿ ನನ್ನ ಗುಂಡಿ ಅದ, ಸಾಯಬಮ್ಮ ಅದಾಳ. ನಿಮ್ಮ ಹೆಸರು ಉಳಿತದ."

"ನನ್ನ ಹೆಸರು ಉಳಿತದ. ಆ ಮನಿಗಿ ಬಂದ ಸೊಸಿದು?" ಎಂದು ಎಣ್ಣೆ ನೋಡುತ್ತಲೇ ಹೇಳಿದ. "ಹಳಸಿದ್ದು ಉಣಿಸಾಕ ಹೊಂಟ ಮನಿಗಿ ಮಗಳ್ನ ಕೊಟ್ಟೀವಿ ಅಂತ ಆಕಿ ತವರಿನವರು ಅನ್ನಲೇನು? ಒಲಿ ಮುಂದಿನ ಮಾತು ಹೊಸ್ತಿಲ ದಾಟಬಾರ್ದ್ರಿ ನಾಗಣ್ಣಾರ. ಅಡಗಿಯವ ಬಾಯಿಬಿಟ್ರ ಯಾವ ಮನಿ ಉಳಿತದ?"

"ಮತ್ತ ಮಾಡಲಾರದ್ದಕ್ಕ ಆ ಮಾತು ಹೊತಗೊಂಡು ಸಾಯತೀರೇನು?"

"ಮಾಡಲಾರದ್ದಕ್ಕ ಅಂತ ಯಾರು ಅಂದ್ರು?" ಈಗ ನನ್ನ ಕಡೆ ತಿರುಗಿದ. "ಕಡೀ ಪಂಗ್ತಿ ಉಂಡಿತ್ತೇನು? ಇಲ್ಲ. ಕೊಪ್ಪರಗಿ ಬೋರಲ ಹಾಕಿದ್ನೇನು? ಹೌದು. ಹಂಗಾದ್ರ ಮಾತು ಖರೇನಽ ಅದ. ಖರೇ ಅಂದ್ರ, ಅದನ್ನ ಅನ್ನಾಕ ಅಂಬರೀಶಗ ಹಕ್ಕಿಲ್ಲ. ಅಂವ ಉಂಡಿದ್ದ. ಹಕ್ಕು ಇದ್ದದ್ದು ಸಾಯಬಮ್ಮಗ. ಆಕಿ ಇನ್ನಾ ಅಂದಿಲ್ಲ. ಅದಽ ನೋಡ್ರಿ, ಎದಿಯಾಗ ಮುಳ್ಳು ಮುರದಂಗ ಕುಂತದ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಊರು ತಪ್ಪು ಕಾರಣಕ್ಕೆ ಆ ಮಾತನ್ನು ಅನ್ನುತ್ತದೆ, ಇವನು ಬೇರೆ ಕಾರಣಕ್ಕೆ ಅದನ್ನು ಒಪ್ಪಿಕೊಂಡು ಕೂತಿದ್ದಾನೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ಹಿಡಿದವನ ಗತಿ ನನ್ನದು. ಹಳಸಿದ್ದನ್ನು ಉಣಿಸಿದ್ದರೆ ಸಾಯಬಮ್ಮ ಸತ್ತೇ ಹೋಗುತ್ತಿದ್ದಳೇನೋ ಎಂದೆ. ಹೌದು, ಅದಕ್ಕೇ ಉಣಿಸಲಿಲ್ಲ, ಆದರೆ ಉಣ್ಣದೆ ಹೋದಳಲ್ಲ ಎಂದ. ಕಲ್ಲಿಗೆ ತಲೆ ಬಡಿದರೆ ಕಲ್ಲಿಗೇನು? ನಾಲ್ಕು ಬಜಿ ಕಟ್ಟಿಸಿಕೊಂಡು ಎದ್ದು ಬಂದೆ. ಅವು ಮಾತ್ರ ಚೆನ್ನಾಗಿದ್ದವು. ಅದಕ್ಕೂ ಸಿಟ್ಟು ಬಂತು.

ಮುಂದೆ ಕಾರ್ತಿಕದಲ್ಲಿ ಮೊಮ್ಮಗಳು ಶಾಂಭವಿಯ ಕುಬಸ ಬಂತು. ಅವಳನ್ನು ಕಕ್ಕೇರಾಕ್ಕೆ ಕೊಟ್ಟಿದ್ದೇವೆ. ಗರ್ಭಿಣಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಬೀಗರನ್ನು ಕರೆದು ಉಣಿಸುವುದು ತವರುಮನೆಯ ಕೆಲಸ. ಅಡುಗೆಗೆ ವಿಶ್ವರಾಧ್ಯನೇ ಎಂದೆ. ಊರಿಗೆ ಹೇಳಿ ಆಗಲಿಲ್ಲ, ಮಾಡಿ ತೋರಿಸುತ್ತೇನೆ ಎಂಬ ಹಟ ನನ್ನದು. ಬೀಗರು ಕೈ ಮೂಸುತ್ತ ಎದ್ದರೆ ಆ ಮಾತು ತಾನೇ ಸಾಯುತ್ತದೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಅನ್ನಮ್ಮ ಮಾತ್ರ, ಬೀಗರು ಹಿತ್ತಾಳೆ ಕಿವಿಯ ಮಂದಿ, ಆ ಮಾತು ಅವರಿಗೂ ಮುಟ್ಟಿದೆ, ಬೇಕೆಂದು ಹಾವಿನ ಬಾಲ ಯಾಕೆ ತುಳಿಯುತ್ತೀರಿ ಎಂದಳು. ನಾನು ಕೇಳಲಿಲ್ಲ.

ವಿಶ್ವರಾಧ್ಯ ಒಪ್ಪಲು ಸತಾಯಿಸಿದ. ಕಡೆಗೆ ಒಂದು ಷರತ್ತು ಹಾಕಿದ: ಮೊದಲನೆಯ ಪಂಗ್ತಿಗೆ ಯಾರು ಕೂಡಬೇಕೆಂದು ತಾನು ಹೇಳುತ್ತೇನೆ, ಯಾರೂ ನಡುವೆ ಬಾಯಿ ಹಾಕಬಾರದು. ನಾನು ಹೂಂ ಎಂದುಬಿಟ್ಟೆ. ನಮ್ಮಲ್ಲಿ ಕಾರ್ಯದ ದಿನ ಮೊದಲು ಅಯ್ಯಗಳನ್ನು ಕೂಡಿಸಿ ಉಣಿಸುವುದು ರೂಢಿ. ಇವನೂ ಜಂಗಮ. ತನ್ನವರಿಗೆ ಮೊದಲು ಬೀಳಲಿ ಎಂದು ಕೇಳುತ್ತಿದ್ದಾನೆ ಎಂದು ತಿಳಿದೆ. ಕೇಳುವ ಗೋಜಿಗೇ ಹೋಗದೆ, ಮಠಕ್ಕೆ ಹೇಳಿ ಕಳಿಸಿ ಐದು ಜನ ಅಯ್ಯಗಳನ್ನೂ ಕರೆಸಿದೆ. ಜಾಣತನ ನೋಡಿ ನನ್ನದು.

ಕುಬಸದ ದಿನ ಎಲ್ಲ ನೆಟ್ಟಗೆ ನಡೆಯಿತು. ಆರತಿ ಆಯಿತು, ಹಾಡು ಆಯಿತು, ಶಾಂಭವಿ ಬಳೆ ತುಂಬಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಗುತ್ತ ಕೂತಿದ್ದಳು. ಹುಗ್ಗಿಯ ವಾಸನೆಗೆ ಬೀಗರು ಎರಡು ಸಲ ಅಡುಗೆಯ ಕಡೆ ಕತ್ತು ಹೊರಳಿಸಿದ್ದನ್ನು ನಾನೇ ಕಂಡೆ. ಶಾಮಿಯಾನದಡಿ ಜಮಖಾನ ಹಾಸಿದೆವು. ಅಯ್ಯಗಳು ಎದ್ದು ಹೆಗಲ ವಸ್ತ್ರ ಸರಿಮಾಡಿಕೊಂಡರು. ಬೀಗರು ಎದ್ದು ಕೈ ತೊಳೆದರು.

ವಿಶ್ವರಾಧ್ಯ ಹುಟ್ಟು ಹಿಡಿದುಕೊಂಡು ಹೊರಗೆ ಬಂದ. ಅಯ್ಯಗಳನ್ನು ದಾಟಿದ, ಬೀಗರನ್ನು ದಾಟಿದ, ನೀರಿನ ಟಾಕಿಯ ಹತ್ತಿರ ಬಂಡೆಯ ಮೇಲೆ ಭಾಂಡೆ ತಿಕ್ಕುತ್ತಿದ್ದ ಸಾಯಬಮ್ಮ ಮತ್ತು ಅವಳ ಜೊತೆಯ ಹೆಂಗಸರ ಮುಂದೆ ನಿಂತ. ಏಳಿ, ಕೈ ತೊಳೆದುಕೊಳ್ಳಿ, ಮೊದಲ ಪಂಗ್ತಿ ನಿಮ್ಮದು ಎಂದ.

ಸಾಯಬಮ್ಮನ ಕೈ ಮೊಣಕೈ ತನಕ ಬೂದಿ. ಸೀರೆಯ ನೆರಿಗೆ ಒದ್ದೆ. ನನ್ನ ಮುಖ ನೋಡಿದಳು. ನಾನು ಎತ್ತ ನೋಡಬೇಕೋ ತಿಳಿಯದೆ ಟಾಕಿ ನೋಡಿದೆ.

"ಬ್ಯಾಡ್ರಿ ಅಯ್ಯೋರೆ, ಬೀಗರು ನಿಂತಾರ," ಎಂದಳು. "ನಮ್ಮದೇನದ, ಕಡೀಗಿ ಉಣತೀವಿ."

"ಕಡೀಗಿ ಉಣತೀವಿ ಅಂತ ಅವತ್ತೂ ಗ್ವಾಡಿಗಿ ನಿಂತಿದ್ರಿ. ನಾ ನಿಮ್ಮ ಕಣ್ಣ ಮುಂದ ಕೊಪ್ಪರಗಿ ಬೋರಲ ಹಾಕಿ ಹೋದೆ. ಇವತ್ತ ನೀವು ಉಣ್ಣೋತನ ನಾ ಮತ್ತೊಬ್ಬರಿಗಿ ಒಂದು ಹುಟ್ಟು ಹಾಕಂಗಿಲ್ಲ. ಏಳವ್ವ."

ಶಾಮಿಯಾನದಡಿ ಗದ್ದಲವೆದ್ದಿತು. ಅಯ್ಯಗಳು ಗೊಣಗುತ್ತ ಕುರ್ಚಿಗಳಿಗೆ ತಿರುಗಿದರು. ಶಾಂಭವಿಯ ಮಾವ, ಕಕ್ಕೇರಾದ ದೊಡ್ಡ ಬೀಗರು, ತೊಳೆದ ಕೈಯನ್ನು ಹಾಗೇ ಮೇಲೆತ್ತಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ನಾಗಣ್ಣಾರ, ಬೀಗರಂದ್ರ ಯಾರು ಅಂತ ನಿಮ್ಮ ಅಡಗಿಯವಗ ಹೇಳಿಲ್ಲೇನು? ಭಾಂಡಿ ತಿಕ್ಕೋರು ಉಂಡು ಎದ್ದ ಮ್ಯಾಲ ನಾವು ಉಣಬೇಕೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ವಿಶ್ವರಾಧ್ಯ ದೂರದಿಂದ, "ಹಿಂದ್ಯಾಕ್ರಿ ಬೀಗರ್ರೆ, ಅವರ ಬಾಜೂಕಽ ಕೂಡ್ರಿ. ಜಾಗ ಅದ, ಹುಗ್ಗಿ ಬಿಸಿ ಅದ," ಎಂದ. ಉರಿಯುವ ಒಲೆಗೆ ಎಣ್ಣೆ ಹೊಯ್ಯುವುದಕ್ಕೆ ಇವನಿಗಿಂತ ಬೇರೆ ಆಳು ಬೇಡ.

ಬೀಗರು ಹೋಗಿ ಕ್ರೂಸರಿನಲ್ಲಿ ಕೂತರು. ಅವರ ಹಿಂದೆ ಅವರ ಕಡೆಯವರೆಲ್ಲ. ಅನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ರೂಸರಿನ ಬಾಗಿಲಿಗೆ ಹೋಗಿ ಬೇಡಿಕೊಳ್ಳತೊಡಗಿದಳು, ನಡುನಡುವೆ ನನ್ನ ಕಡೆ ತಿರುಗಿ ಬೆಂಕಿ ಕಾರುತ್ತಿದ್ದಳು. ಶಾಂಭವಿಯ ಕಣ್ಣಲ್ಲಿ ನೀರು ಬಂದಿತ್ತು. ಇತ್ತ ಜಮಖಾನದ ಮೇಲೆ ಸಾಯಬಮ್ಮ ಮತ್ತು ಅವಳ ಹೆಂಗಸರು ಮೈ ಹಿಡಿಮಾಡಿಕೊಂಡು ಕೂತಿದ್ದಾರೆ, ವಿಶ್ವರಾಧ್ಯ ಒಬ್ಬನೇ ಬಡಿಸುತ್ತಿದ್ದಾನೆ. ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಮತ್ತೆ ಹುಗ್ಗಿ. ಅವರು ಮೊದಲು ಅಂಜುತ್ತ ಉಂಡರು, ಆಮೇಲೆ ಉಂಡರು. ಇಂಥ ಹೊತ್ತಿನಲ್ಲಿ ಇಷ್ಟು ಸಾವಕಾಶವಾಗಿ ಉಣ್ಣುವ ಜನರನ್ನು ನಾನು ನೋಡಿಲ್ಲ. ನನಗಂತೂ ಒಂದೊಂದು ತುತ್ತೂ ಒಂದೊಂದು ಗಳಿಗೆ.

ಎರಡನೆಯ ಪಂಗ್ತಿಗೆ ಬೀಗರು ಬಂದರು. ಅನ್ನಮ್ಮನ ಕಣ್ಣೀರಿಗೆ ಬಂದರೋ, ಹುಗ್ಗಿಯ ವಾಸನೆಗೆ ಬಂದರೋ, ಶಿವನೇ ಬಲ್ಲ. ಮುಖ ಗಂಟು ಹಾಕಿಕೊಂಡು ಉಂಡರು, ಎಲೆಯಲ್ಲಿ ಅರ್ಧ ಬಿಟ್ಟು ಎದ್ದರು. ದೊಡ್ಡ ಬೀಗರು ಚಪ್ಪಲಿ ಮೆಟ್ಟುತ್ತ, ಅಂಗಳಕ್ಕೆಲ್ಲ ಕೇಳುವ ಹಾಗೆ, ಯಾರಿಗೆ ಯಾವಾಗ ಎಲೆ ಹಾಕಬೇಕೆಂಬುದೂ ತಿಳಿಯದವನು, ಊರು ಇವನಿಗೆ ಸುಮ್ಮನೆ ಕಸಬುಗೇಡಿ ಎನ್ನುವುದಿಲ್ಲ ಎಂದರು. ಕ್ರೂಸರ್ ಧೂಳೆಬ್ಬಿಸಿಕೊಂಡು ಹೋಯಿತು.

ಆ ಮಾತನ್ನು ಕೊಲ್ಲಬೇಕೆಂದು ಇಡೀ ಕಾರ್ಯ ಮಾಡಿಸಿದ್ದೆ. ಅದು ನನ್ನ ಅಂಗಳದಲ್ಲೇ, ನನ್ನ ಬೀಗರ ಬಾಯಿಂದಲೇ ಮತ್ತೆ ಹುಟ್ಟಿ ಹೋಯಿತು. ವಿಶ್ವರಾಧ್ಯ ಮುಸುಡಿ ಒಡೆದುಕೊಂಡವನ ಹಾಗೆ ಇರುತ್ತಾನೆ ಎಂದು ತಿರುಗಿ ನೋಡಿದರೆ, ಅವನು ತಲೆ ಕೂಡ ಎತ್ತದೆ ಕೊಪ್ಪರಿಗೆಯ ತಳ ಕೆರೆಯುತ್ತಿದ್ದ. ಬೀಗರ ಮಾತು ಅವನಿಗೆ ನೊಣ ಕೂತಷ್ಟೂ ಆಗಿರಲಿಲ್ಲ.

ಕಡೆಯ ಪಂಗ್ತಿಗೆ ಉಳಿದದ್ದು ನಾನು, ಅನ್ನಮ್ಮ, ಕ್ರೂಸರ್ ತಪ್ಪಿಸಿಕೊಂಡ ಒಬ್ಬ ಮುದುಕ. ಅನ್ನಮ್ಮ ನನ್ನ ಜೊತೆ ಮಾತಾಡದೆ ಉಂಡಳು. ನಾವು ಎದ್ದ ಮೇಲೆ ವಿಶ್ವರಾಧ್ಯ ಕೊಪ್ಪರಿಗೆಯನ್ನು ಎತ್ತಿ ಬೋರಲು ಹಾಕಿದ. ಢಣ್ ಎಂದಿತು. ಕಂಠಕ್ಕೆ ಇನ್ನೊಂದು ತಗ್ಗು. ನಾನು ಎಲೆ ಅಡಿಕೆ, ಕಾಯಿ ತಂದು ತಳದ ಮೇಲೆ ಇಟ್ಟೆ.

ಆಗ ಸಾಯಬಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಏನೋ ಹೇಳಬೇಕೆಂದಿದ್ದಳು, ನನ್ನ ಕಡೆ ಒಮ್ಮೆ ನೋಡಿ, ಆಮೇಲೆ ಅವನಿಗೇ ಹೇಳಿದಳು.

"ಅಯ್ಯೋರೆ, ಹುಗ್ಗಿಗಿ ಬೆಲ್ಲ ಕಮ್ಮಿ ಬಿದ್ದಿತ್ತು."

ನಾನು ಬಗ್ಗಿ ಸೌಟುಗಳನ್ನೆಲ್ಲ ಅವನ ಕೈಗೆ ಎಟುಕದ ಹಾಗೆ ದೂರ ಸರಿಸಿದೆ. ಅವನು ಅವಳ ಕಡೆ ತಿರುಗಿದ.

"ಹೌದೇನು?"

"ಹೌದ್ರಿ. ಗಸಗಸಿನೂ ಕೈ ಬಿಗಿ ಹಿಡದು ಹಾಕೀರಿ. ಮತ್ತ ಅವತ್ತ..." ಎಂದು ತಡೆದಳು. "ಅವತ್ತ ನನಗ ಭಾಳ ಹಸಿವಾಗಿತ್ರಿ. ಭೀಮರಾಯನಗುಡಿಲಿಂದ ನಿಮಗ ಬೈಕೋತ ನಡಕೋತ ಬಂದೆ."

"ಏನಂತ ಬೈದಿ?"

"ಊರು ಅಂತದಲ್ರಿ, ಅದಽ ಅಂದೆ."

ವಿಶ್ವರಾಧ್ಯ ಬೋರಲು ಬಿದ್ದ ಕೊಪ್ಪರಿಗೆಯ ಪಕ್ಕದಲ್ಲಿ ನೆಲಕ್ಕೆ ಕೂತ. ಅಷ್ಟು ದೊಡ್ಡ ಆಳು ಉಸಿರು ಬಿಟ್ಟರೆ ಬೂದಿ ಹಾರುತ್ತದೆ, ಹಾರಿತು.

"ಬರೋಬರಿ ಅಂದಿ," ಎಂದ. "ಇವತ್ತ?"

"ಇವತ್ತ ಬೆಲ್ಲ ಕಮ್ಮಿ," ಎಂದು ಅವಳು ಕೊಪ್ಪರಿಗೆ ತಿಕ್ಕಲು ಬೂದಿ ತರಲು ಹೋದಳು. ಅವನು ಒಂದು ಎಲೆ ಹಾಕಿಕೊಂಡು, ಅಂದಿನ ಮೊದಲ ತುತ್ತು ಉಂಡ. ಉಣ್ಣುತ್ತ ತಲೆಯಾಡಿಸಿದ. ಬೆಲ್ಲ ಕಡಿಮೆಯೇ ಇತ್ತು.

ಅವನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಎಲ್ಲಿ ಮುಗಿಯಿತು? ಕಕ್ಕೇರಾದ ಬೀಗರು ಬಹಳ ದಿನ ಫೋನ್ ಎತ್ತಲಿಲ್ಲ. ಅನ್ನಮ್ಮ ಇಂದಿಗೂ ಹುಗ್ಗಿ ಮಾಡಿದಾಗಲೆಲ್ಲ ಆ ದಿನದ ಲೆಕ್ಕ ತೆಗೆಯುತ್ತಾಳೆ. ಊರಿನಲ್ಲಿ ವಿಶ್ವರಾಧ್ಯನ ಹೆಸರಿನ ಹಿಂದಿನ ಮಾತು ಹಾಗೇ ಇದೆ, ಈಗ ಅದಕ್ಕೆ ಎರಡು ಕತೆ. ಕೇರಿಗಳ ಮಂದಿ, ಬ್ಯಾಂಡಿನ ಮಂದಿ ತಮ್ಮ ಮನೆಯ ಕಾರ್ಯಗಳಿಗೆ ಅವನನ್ನು ಕರೆಯಲು ಹತ್ತಿದ್ದಾರೆ. ದೊಡ್ಡ ಮನೆಗಳವರು ಕರೆಯುವುದಿಲ್ಲ. ಉಳಿದ ದಿನ ಮಿರ್ಚಿ ಕರಿಯುತ್ತಾನೆ. ಗಿರಾಕಿಗಳಿಗೆ ಮೊದಲಿಗಿಂತ ಜೋರಾಗಿ ಬೈಯುತ್ತಾನೆ.

ಶಾಂಭವಿಗೆ ಹೆಣ್ಣು ಕೂಸಾಯಿತು. ತೊಟ್ಟಿಲ ಕಾರ್ಯ ಕಕ್ಕೇರಾದಲ್ಲಿ. ಅಡುಗೆಗೆ ದೇವಿಂದ್ರನನ್ನು ಗೊತ್ತು ಮಾಡಿದ್ದಾರಂತೆ, ಭಾಂಡೆ ಮಾತ್ರ ನನ್ನ ಅಂಗಡಿಯಿಂದಲೇ ಬೇಕಂತೆ. ನಿನ್ನೆ ಅವರ ಆಳು ಟಂಟಂ ಗಾಡಿ ತಂದು ನಿಲ್ಲಿಸಿ, ದೊಡ್ಡ ಕೊಪ್ಪರಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಇದರ ಕಂಠವೆಲ್ಲ ತಗ್ಗು ಬಿದ್ದಿದೆ, ಬೇರೆ ಯಾವುದಾದರೂ ನೆಟ್ಟಗಿರುವುದನ್ನು ಕೊಡಿ ಎಂದ. ನೆಟ್ಟಗಿರುವವು ಒಳಗೆ ಎರಡಿದ್ದವು.

ನಾನು ಅದನ್ನೇ ಹೇರಿಸಿ ಕಳಿಸಿದೆ.